ಗದ್ದದ ಮೇಲೆ ಬಿಳಿ ಕೂದಲು: ಮೂರು ಸಲ ಲೇಸರ್ ಆಯಿತು, ಒಂದೂ ಹೋಗಲಿಲ್ಲ

ತುಂಗೆ ತೀರದವಳು · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ವಯಸ್ಸು 58. ಟೀಚರ್ ಆಗಿದ್ದೆ, ಈಗ ಮನೆಯಲ್ಲೇ ಇದ್ದೇನೆ. ದೀಪಾವಳಿ ಮುಗಿದ ಮೇಲೆ ಎರಡೂ ಕಣ್ಣಿನ ಪೊರೆ ತೆಗೆಸಿದೆ. ಹೊಸ ಕಣ್ಣಿಗೆ ಮೊದಲು ಕಂಡಿದ್ದು ಅಡುಗೆಮನೆ ಟೈಲ್ಸ್ ಮೇಲಿನ ಎಣ್ಣೆ ಜಿಡ್ಡು. ಎರಡನೆಯದು ನನ್ನ ಗದ್ದ.

ಬಿಳಿ ಕೂದಲು. ತಲೆಯದಲ್ಲ, ಗದ್ದದ್ದು. ಸಣ್ಣ ಮೀನಿನ ಮುಳ್ಳಿನ ಹಾಗೆ ಗಟ್ಟಿ. ಟ್ಯೂಬ್‌ಲೈಟ್‌ನಲ್ಲಿ ಕಾಣುವುದಿಲ್ಲ, ಬೆಳಿಗ್ಗೆ ಕಿಟಕಿ ಹತ್ತಿರ ಕನ್ನಡಿ ಹಿಡಿದರೆ ಮಿಂಚುತ್ತದೆ. ಎಣಿಸಿದೆ, ಹನ್ನೊಂದು. ಅದರ ಜೊತೆ ಕೆನ್ನೆ ಮೇಲೆ, ಕಿವಿ ಪಕ್ಕ ಎಳೆ ಕೂದಲು ಬೇರೆ. ಇಷ್ಟು ವರ್ಷ ಕ್ಲಾಸಿನಲ್ಲಿ ಮೊದಲ ಬೆಂಚಿನ ಮಕ್ಕಳಿಗೆ ಇದೆಲ್ಲ ಕಾಣುತ್ತಿತ್ತು ಅಲ್ವಾ!

ಹತ್ತಿರದ ಊರಿನ ಒಂದು ಕ್ಲಿನಿಕ್‌ಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ "ಎಲ್ಲಾ ಹೋಗುತ್ತೆ ಮೇಡಂ, ಪರ್ಮನೆಂಟ್" ಅಂದಳು. ಆರು ಸಲದ ಪ್ಯಾಕೇಜು, 15,000 ರೂಪಾಯಿ, ಮುಂಗಡವೇ ಕಟ್ಟಬೇಕು. ಮೂರು ಸಲ ಆಯಿತು. ಹನ್ನೊಂದೂ ಹಾಗೇ ಇವೆ. ಕೇಳಿದರೆ "ಇನ್ನೂ ಮೂರು ಆಗಲಿ, ನೋಡೋಣ" ಅನ್ನುತ್ತಾರೆ. ನೋಡಬೇಕಾ, ಬಿಡಬೇಕಾ?

ಮಂಡ್ಯದ ಕೂಸು · ಸೋಮವಾರ ರಾತ್ರಿ 9:58

ಟೀಚರ್, ನಿಲ್ಲಿಸಿ. ಬಿಳಿ ಕೂದಲಿಗೆ ಲೇಸರ್ ಕೆಲಸ ಮಾಡುವುದಿಲ್ಲ. ನಮ್ಮ ಅಮ್ಮನಿಗೂ ಹೀಗೇ ಆಯಿತು.

ನೈಟ್‌ಶಿಫ್ಟ್ ನರ್ಸ್ · ಸೋಮವಾರ ರಾತ್ರಿ 11:20

ಲೇಸರ್ ಬೆಳಕು ಹುಡುಕುವುದು ಕೂದಲಿನಲ್ಲಿರುವ ಕಪ್ಪು ಬಣ್ಣವನ್ನು. ಅದಕ್ಕೆ ಮೆಲನಿನ್ ಅನ್ನುತ್ತಾರೆ. ಆ ಬಣ್ಣ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿಗೆ ಬೇರು ಸುಡುತ್ತದೆ. ಬಿಸಿಲಿನಲ್ಲಿ ಕಪ್ಪು ಕೊಡೆ ಹೇಗೆ ಕಾಯುತ್ತದೆ, ಬಿಳಿ ಪಂಚೆ ಹೇಗೆ ತಣ್ಣಗಿರುತ್ತದೆ, ಹಾಗೇ. ನಿಮ್ಮ ಹನ್ನೊಂದು ಕೂದಲು ಬಿಳಿ ಪಂಚೆ ಉಟ್ಟುಕೊಂಡು ಕೂತಿವೆ. ಲೇಸರ್ ಪಾಲಿಗೆ ಅವು ಇಲ್ಲವೇ ಇಲ್ಲ. ಆರಲ್ಲ, ಅರವತ್ತು ಸಲ ಮಾಡಿದರೂ ಅಷ್ಟೇ.

ಎಳೆ ಕೂದಲಿನಲ್ಲೂ ಬಣ್ಣ ಕಮ್ಮಿ, ದಪ್ಪವೂ ಇಲ್ಲ. ಅದಕ್ಕೂ ಇದು ಸರಿಯಾದ ಮದ್ದಲ್ಲ.

ಪುಟ್ಟಿಯ ಅಪ್ಪ · ಮಂಗಳವಾರ ಬೆಳಿಗ್ಗೆ 7:15

ಸುಮ್ನೆ ಒಂದು ಐಡಿಯಾ. ಆ ಬಿಳಿ ಕೂದಲಿಗೆ ಕಪ್ಪು ಡೈ ಹಚ್ಚಿ ಆಮೇಲೆ ಲೇಸರ್ ಹೊಡೆಸಿದರೆ?

ಚರ್ಮದ ಡಾಕ್ಟರ್ · ಮಂಗಳವಾರ ಮಧ್ಯಾಹ್ನ 2:05

ಪುಟ್ಟಿಯ ಅಪ್ಪ, ಈ ಪ್ರಶ್ನೆಯನ್ನು ನನಗೆ ವಾರಕ್ಕೊಬ್ಬರಾದರೂ ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಡೈ ಅಂಟುವುದು ಹೊರಗೆ ಕಾಣುವ ಕೂದಲಿಗೆ. ಲೇಸರ್‌ಗೆ ಬೇಕಾಗಿರುವುದು ಚರ್ಮದ ಒಳಗೆ, ಬೇರಿನ ಗಡ್ಡೆಯಲ್ಲಿರುವ ಬಣ್ಣ. ಅಲ್ಲಿಗೆ ಡೈ ಇಳಿಯುವುದಿಲ್ಲ. ಬಣ್ಣ ಹಚ್ಚಿದ ಕೂದಲು ಮೇಲೇ ಬಿಸಿಯಾಗಿ ಚರ್ಮ ಸುಡುವ ಅಪಾಯ ಮಾತ್ರ ಇದೆ.

ಟೀಚರ್ ಮೇಡಂ, ನಿಮಗೆ ಎರಡು ಮಾತು.

ಮೊದಲನೆಯದು, ಮುಟ್ಟು ನಿಂತ ಮೇಲೆ ಗದ್ದದಲ್ಲಿ ಹೀಗೆ ನಾಲ್ಕು ಗಟ್ಟಿ ಕೂದಲು ಬರುವುದು ತುಂಬಾ ಸಾಮಾನ್ಯ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಇಳಿಯುತ್ತದೆ. ಹೆಂಗಸರ ಮೈಯಲ್ಲಿ ಯಾವಾಗಲೂ ಸ್ವಲ್ಪ ಇರುವ ಗಂಡು ಹಾರ್ಮೋನಿನ ಕೈ ಮೇಲಾಗುತ್ತದೆ. ಅದು ಕಾಯಿಲೆ ಅಲ್ಲ. ಆದರೆ ಯಾವ ವಯಸ್ಸಿನವರಿಗೇ ಆಗಲಿ, ಎರಡು ಮೂರು ತಿಂಗಳಲ್ಲಿ ಧಡಾರನೆ ದಪ್ಪ ಕಪ್ಪು ಕೂದಲು ಬಂದರೆ, ದನಿ ಒಡೆದರೆ, ಹಣೆಯ ಎರಡೂ ಬದಿ ಕೂದಲು ಉದುರಿದರೆ ಪಾರ್ಲರ್‌ಗೆ ಹೋಗಬೇಡಿ, ಡಾಕ್ಟರ್ ಹತ್ತಿರ ಹೋಗಿ. ಹುಡುಗಿಯರಲ್ಲಿ ಮುಟ್ಟು ತಪ್ಪುವುದರ ಜೊತೆ ಇದು ಬಂದರೆ ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ, ಇದೆಯಾ ಅಂತ ನೋಡಿಸಿ.

ಎರಡನೆಯದು, ಬಿಳಿ ಕೂದಲನ್ನು ಮತ್ತೆ ಬರದ ಹಾಗೆ ತೆಗೆಯುವ ದಾರಿ ಒಂದೇ: ಎಲೆಕ್ಟ್ರಾಲಿಸಿಸ್. ಕೂದಲಿನಷ್ಟೇ ಸಣ್ಣ ಸೂಜಿಯನ್ನು ಕೂದಲಿನ ಪಕ್ಕದಲ್ಲೇ ಬೇರಿನ ತನಕ ಇಳಿಸಿ ಕರೆಂಟ್ ಬಿಡುತ್ತಾರೆ. ಅದಕ್ಕೆ ಬಣ್ಣದ ಹಂಗಿಲ್ಲ. ಕಪ್ಪು, ಬಿಳಿ, ಕೆಂಚು ಎಲ್ಲವೂ ಒಂದೇ. ಮಜಾ ಏನು ಅಂದರೆ ಇದನ್ನು ಶುರು ಮಾಡಿದವರು ಬ್ಯೂಟಿಷಿಯನ್ ಅಲ್ಲ, ಕಣ್ಣಿನ ಡಾಕ್ಟರ್! ಅಮೆರಿಕದ ಸೇಂಟ್ ಲೂಯಿಸ್‌ನ ಚಾರ್ಲ್ಸ್ ಮಿಶೆಲ್, 1875ರಲ್ಲಿ ಇದರ ಬಗ್ಗೆ ಬರೆದರು. ರೆಪ್ಪೆಯ ಕೂದಲು ಒಳಗೆ ತಿರುಗಿ ಕಣ್ಣಿಗೆ ಚುಚ್ಚುವ ತೊಂದರೆಗೆ ಅವರು ಬಳಸಿದ್ದು. ನಿಮ್ಮ ಪೊರೆಯ ಕಥೆ ಓದಿ ಇದೇ ನೆನಪಾಯಿತು.

ಮಂಡ್ಯದ ಕೂಸು · ಮಂಗಳವಾರ ಮಧ್ಯಾಹ್ನ 3:30

ಕೂದಲು ಕತ್ತರಿಸುವುದಕ್ಕೂ ಇದಕ್ಕೂ ನಮ್ಮೂರ ಲೆಕ್ಕ ಹೀಗೆ. ಶೇವ್ ಮಾಡುವುದು ಕಬ್ಬು ಕಡಿದ ಹಾಗೆ, ಕೂಳೆ ಮತ್ತೆ ಚಿಗುರುತ್ತದೆ. ಎಲೆಕ್ಟ್ರಾಲಿಸಿಸ್ ಅಂದರೆ ಬುಡ ಅಗೆದು ಹಾಕಿದ ಹಾಗೆ.

ಹುಬ್ಬಳ್ಳಿ ಹುಡುಗಿ 19 · ಮಂಗಳವಾರ ಸಂಜೆ 6:10

ಆಂಟಿ, ನಿಮ್ಮ ಥ್ರೆಡ್‌ನಲ್ಲೇ ನನ್ನದೂ ಕೇಳಿಬಿಡುತ್ತೇನೆ, ಸಾರಿ. ನನಗೆ ಕೆನ್ನೆ ಪೂರ್ತಿ ಎಳೆ ಕೂದಲು. ದಪ್ಪ ಇಲ್ಲ, ಬಿಸಿಲಿನಲ್ಲಿ ಸೆಲ್ಫಿ ತೆಗೆದರೆ ಮಾತ್ರ ಕಾಣುತ್ತದೆ. ಪಿಯುಸಿಯಿಂದ ಬ್ಲೀಚ್ ಮಾಡಿಸುತ್ತಿದ್ದೇನೆ. ಈಗ ಹಾಸ್ಟೆಲ್‌ನಲ್ಲಿ ಎಲ್ಲರೂ ಸಣ್ಣ ಫೇಸ್ ರೇಜರ್ ಹಿಡಿದಿದ್ದಾರೆ. ಅಮ್ಮ ಫೋನಿನಲ್ಲೇ ಕಿರುಚಿದರು, "ಒಂದು ಸಲ ಬ್ಲೇಡ್ ತಾಗಿಸಿದರೆ ಗಂಡಸರ ಗಡ್ಡ ಬರುತ್ತದೆ" ಅಂತ. ನಿಜವಾ?

ನೈಟ್‌ಶಿಫ್ಟ್ ನರ್ಸ್ · ಮಂಗಳವಾರ ರಾತ್ರಿ 8:45

ಸುಳ್ಳು ಪುಟ್ಟಾ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಅನ್ನುವ ಅಮೆರಿಕದ ಮಹಿಳಾ ವಿಜ್ಞಾನಿ ಇದನ್ನು ಅಳೆದು ನೋಡಿದರು. ಶೇವ್ ಮಾಡಿದ್ದರಿಂದ ಕೂದಲು ದಪ್ಪವೂ ಆಗಲಿಲ್ಲ, ಬೇಗವೂ ಬೆಳೆಯಲಿಲ್ಲ. ನೂರು ವರ್ಷ ಆಗುತ್ತಾ ಬಂತು, ಅಮ್ಮಂದಿರು ಇನ್ನೂ ನಂಬುವುದಿಲ್ಲ.

ಹಾಗನ್ನಿಸುವುದಕ್ಕೆ ಕಾರಣ ಇದೆ. ಮುಟ್ಟದೆ ಬಿಟ್ಟ ಕೂದಲಿನ ತುದಿ ಚೂಪಾಗಿ ತೆಳ್ಳಗಿರುತ್ತದೆ. ಬ್ಲೇಡ್ ತಾಗಿದರೆ ತುದಿ ಮೊಂಡು. ಎರಡು ದಿನ ಬಿಟ್ಟು ಕೈ ಆಡಿಸಿದರೆ ಕೂಳೆ ಚುಚ್ಚಿದ ಹಾಗೆ. ಕೂದಲು ಅದೇ, ತುದಿ ಮಾತ್ರ ಬೇರೆ.

ಮಾಡುವುದಾದರೆ ಮುಖ ತೊಳೆದು ಒರೆಸಿ, ಒಂದು ಕೈಯಲ್ಲಿ ಚರ್ಮ ಎಳೆದು ಹಿಡಿದು, ರೇಜರನ್ನು ಓರೆಯಾಗಿ ಇಟ್ಟು ಮೇಲಿನಿಂದ ಕೆಳಕ್ಕೆ ಮೆಲ್ಲಗೆ. ಮೊಡವೆ ಇರುವ ಕಡೆ ಬೇಡವೇ ಬೇಡ. ರೂಮ್‌ಮೇಟ್ ರೇಜರ್ ಮುಟ್ಟಲೂ ಬೇಡ.

ಪಾರ್ಲರ್ ಅಕ್ಕ ಹಾಸನ · ಮಂಗಳವಾರ ರಾತ್ರಿ 10:30

ಇಪ್ಪತ್ತೆರಡು ವರ್ಷದಿಂದ ಪಾರ್ಲರ್ ನಡೆಸುತ್ತಿದ್ದೇನೆ. ಬ್ಲೀಚ್ ಬಗ್ಗೆ ನನ್ನ ಹೊಟ್ಟೆಯೊಳಗಿನ ಮಾತು ಹೇಳುತ್ತೇನೆ, ನನ್ನ ವ್ಯಾಪಾರಕ್ಕೇ ಕಲ್ಲು ಬಿದ್ದರೂ ಪರವಾಗಿಲ್ಲ.

ಬ್ಲೀಚ್ ಕೂದಲು ತೆಗೆಯುವುದಿಲ್ಲ, ಬಣ್ಣ ತೆಗೆಯುತ್ತದೆ. ನಮ್ಮದು ಗೋಧಿ ಬಣ್ಣ, ಎಣ್ಣೆಗಪ್ಪು. ಅದರ ಮೇಲೆ ಚಿನ್ನದ ಬಣ್ಣದ ಕೂದಲು ನಿಂತರೆ ಒಳಗೆ ಚೆಂದ, ಹೊರಗೆ ಬಿಸಿಲಿಗೆ ಬಂದರೆ ಜೋಳದ ತೆನೆಯ ಮೀಸೆ! ಮದುವೆಗೆ ಅಂತ ಬ್ಲೀಚ್ ಮಾಡಿಸಿಕೊಂಡು ಹೋದ ಹುಡುಗಿಯೊಬ್ಬಳು ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಫೋಟೋ ತಂದು ತೋರಿಸಿ ಅತ್ತಿದ್ದಳು. ಕಪ್ಪಗಿದ್ದಾಗ ಕಾಣದೆ ಇದ್ದದ್ದು ಬಂಗಾರವಾಗಿ ಕಂಡಿತ್ತು. ಆಮೇಲೆ ನಾನು ಯಾರಿಗೇ ಬ್ಲೀಚ್ ಮಾಡುವ ಮೊದಲು ಅವರನ್ನು ಬಾಗಿಲಿಗೆ ಕರೆದುಕೊಂಡು ಹೋಗಿ ಬಿಸಿಲಿನಲ್ಲಿ ಮುಖ ನೋಡುತ್ತೇನೆ. ಕೂದಲು ಚಿಕ್ಕದಾಗಿದ್ದರೆ ಸರಿ. ಉದ್ದ ಇದ್ದರೆ ಬೇಡ ಅನ್ನುತ್ತೇನೆ.

ಇನ್ನೊಂದು. ಮೂಗಿಗೆ ಘಾಟು ಹೊಡೆಯುತ್ತದಲ್ಲ, ಅದು ಅಮೋನಿಯಾ. ಬಣ್ಣ ತೆಗೆಯುವುದು ಹೈಡ್ರೋಜನ್ ಪೆರಾಕ್ಸೈಡ್. ಹಿಂದಿನ ದಿನ ಕಿವಿ ಹಿಂದೆ ಹಚ್ಚಿ ನೋಡದೆ ಮುಖಕ್ಕೆ ಬಳಿಯಬೇಡಿ. "ಜಾಸ್ತಿ ಹೊತ್ತು ಬಿಟ್ಟರೆ ಜಾಸ್ತಿ ಬಿಳುಪು" ಅಂತ ಮನೆಯಲ್ಲಿ ಅರ್ಧ ಗಂಟೆ ಬಿಟ್ಟುಕೊಂಡು ಬಂದವರ ಕೆನ್ನೆ ನೋಡಿದ್ದೇನೆ. ಬೆಂದ ಟೊಮೆಟೊ.

ಕರಾವಳಿ ಅಮ್ಮ · ಬುಧವಾರ ಬೆಳಿಗ್ಗೆ 9:00

ಇಷ್ಟೆಲ್ಲಾ ಯಾಕೆ? ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಹಾಲಿನ ಕೆನೆ. ದಿನಾ ಹಚ್ಚಿ, ಒಣಗಿದ ಮೇಲೆ ತಿಕ್ಕಿ. ನಮ್ಮ ಅಜ್ಜಿ ಬಾಣಂತನದಲ್ಲಿ ಮಗುವಿನ ಮೈಗೆಲ್ಲ ಹಿಟ್ಟಿನ ಉಂಡೆ ಉಜ್ಜಿ ಕೂದಲು ತೆಗೆಯುತ್ತಿದ್ದರು. ನನ್ನ ಮೂರೂ ಮಕ್ಕಳ ಮೈ ಕನ್ನಡಿಯ ಹಾಗಿದೆ.

ನೈಟ್‌ಶಿಫ್ಟ್ ನರ್ಸ್ · ಬುಧವಾರ ಬೆಳಿಗ್ಗೆ 9:25

ಅಮ್ಮಾ, ಹುಟ್ಟಿದ ಮಗುವಿನ ಮೈಮೇಲಿನ ಆ ಕೂದಲು ಉಜ್ಜದಿದ್ದರೂ ಕೆಲವು ವಾರಗಳಲ್ಲಿ ತಾನಾಗಿಯೇ ಉದುರುತ್ತದೆ. ಅಜ್ಜಿ ಉಜ್ಜುವ ಹೊತ್ತಿಗೆ ಅದು ಹೊರಟು ನಿಂತಿರುತ್ತದೆ, ಕೀರ್ತಿ ಮಾತ್ರ ಹಿಟ್ಟಿಗೆ. ದೊಡ್ಡವರಲ್ಲಿ ತಿಕ್ಕಿದರೆ ಕೆಲವು ಕೂದಲು ತುಂಡಾಗಬಹುದು, ಬೇರು ಹೋಗುವುದಿಲ್ಲ. ಮೊಡವೆ ಇರುವ ಮುಖಕ್ಕೆ ದಿನಾ ಒಣಹಿಟ್ಟು ತಿಕ್ಕಿದರೆ ಕಲೆ ಉಳಿಯುತ್ತದೆ.

ಕರಾವಳಿ ಅಮ್ಮ · ಬುಧವಾರ ಬೆಳಿಗ್ಗೆ 9:40

ಆಯಿತಮ್ಮ. ನಾನಂತೂ ಹಚ್ಚುವುದು ಬಿಡುವುದಿಲ್ಲ. ಪರಿಮಳ ಚೆನ್ನಾಗಿರುತ್ತದೆ.

ಎಡಿಸನ್ ಕನ್ನಡತಿ · ಬುಧವಾರ ರಾತ್ರಿ 8:15

ಟೀಚರ್, ನಾನು ಎಲೆಕ್ಟ್ರಾಲಿಸಿಸ್ ಮಾಡಿಸಿಕೊಂಡವಳು. ಗದ್ದ ಮತ್ತು ಮೇಲ್ದುಟಿ, ಒಟ್ಟು ಹದಿನಾಲ್ಕು ತಿಂಗಳು. ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಉದ್ದ ಬರೆಯುತ್ತೇನೆ.

ಮಲಗಿಸಿ, ಕಣ್ಣಿಗೆ ಬಟ್ಟೆ ಮುಚ್ಚಿ, ದೊಡ್ಡ ಭೂತಗನ್ನಡಿಯ ದೀಪ ಎಳೆದುಕೊಳ್ಳುತ್ತಾರೆ. ಸೂಜಿ ಒಳಗೆ ಹೋಗುವುದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಚುಚ್ಚುವುದಿಲ್ಲ, ಕೂದಲು ಇರುವ ತೂತಿನಲ್ಲೇ ಇಳಿಸುತ್ತಾರೆ. ಕರೆಂಟ್ ಬಿಟ್ಟಾಗ ಕೆಂಜಿಗ ಕಚ್ಚಿದ ಹಾಗೆ ಒಂದು ಚುರ್. ಆಮೇಲೆ ಪ್ಲಕ್ಕರ್‌ನಲ್ಲಿ ಕೂದಲು ಹಿಡಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜಾರಿ ಬರಬೇಕು. ಎಳೆದಾಗ ಚುಳ್ ಅಂದರೆ ಬೇರು ಸತ್ತಿಲ್ಲ, ಬರೀ ಕಿತ್ತಿದ್ದಾರೆ ಅಂತ ಅರ್ಥ. ಮಾಡುವವರ ಕೈಗುಣ ಗೊತ್ತಾಗುವುದೇ ಇಲ್ಲಿ.

ಇದರಲ್ಲಿ ಎರಡು ಬಗೆ. ಒಂದರಲ್ಲಿ ಕರೆಂಟಿನ ಬಿಸಿಗೆ ಬೇರು ಬೇಯುತ್ತದೆ, ಬೇಗ ಮುಗಿಯುತ್ತದೆ. ಇನ್ನೊಂದು ಹಳೆಯದು, ನಿಧಾನ. ಚರ್ಮದೊಳಗಿನ ಉಪ್ಪುನೀರು ಕರೆಂಟ್‌ಗೆ ಒಡೆದು ಅಲ್ಲೇ ಒಂದು ಹನಿ ಕಾಸ್ಟಿಕ್ ಸೋಡಾ ಆಗುತ್ತದೆ, ಅದು ಬೇರನ್ನು ಕರಗಿಸುತ್ತದೆ. ಎರಡನ್ನೂ ಸೇರಿಸಿ ಮಾಡುವುದೂ ಇದೆ, ಬ್ಲೆಂಡ್ ಅಂತ. ನನಗೆ ಅದನ್ನೇ ಮಾಡಿದ್ದು.

ಒಂದು ಸಲಕ್ಕೆ ಹೋಗುವುದಿಲ್ಲ. ಯಾವ ಕೂದಲು ಆಗ ಬೆಳೆಯುವ ಹಂತದಲ್ಲಿದೆಯೋ ಅದರ ಬೇರು ಮಾತ್ರ ಪೂರ್ತಿ ಸಾಯುತ್ತದೆ. ಮಲಗಿರುವ ಬೇರುಗಳು ತಿಂಗಳುಗಟ್ಟಲೆ ಬಿಟ್ಟು ಒಂದೊಂದೇ ಏಳುತ್ತವೆ. "ಹೋಗಿತ್ತು, ಮತ್ತೆ ಬಂತು" ಅಂತ ನಾನು ನಾಲ್ಕನೇ ತಿಂಗಳಿನಲ್ಲಿ ಜಗಳಕ್ಕೇ ನಿಂತಿದ್ದೆ. ಅದು ಹಳೆಯದಲ್ಲ, ಪಕ್ಕದ್ದು!

ಶುರು ಮಾಡುವ ಕೆಲವು ವಾರ ಮೊದಲಿನಿಂದ ಕೀಳಬೇಡಿ, ಥ್ರೆಡ್ಡಿಂಗ್ ಬೇಡ, ವ್ಯಾಕ್ಸ್ ಬೇಡ. ಸೂಜಿಗೆ ದಾರಿ ತೋರಿಸಲು ಕೂದಲು ಬೇಕು. ಕತ್ತರಿಯಲ್ಲಿ ಗಿಡ್ಡ ಮಾಡಿಕೊಳ್ಳಬಹುದು. ಸೂಜಿ ಹೊಸದಾ, ನಿಮ್ಮ ಕಣ್ಣೆದುರೇ ಪೊಟ್ಟಣ ಒಡೆದರಾ, ನೋಡಿ. ಇಲ್ಲಿ ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದಕ್ಕೆ ಲೈಸೆನ್ಸ್ ಬೇಕು. ಊರಲ್ಲಾದರೆ ಚರ್ಮದ ಡಾಕ್ಟರ್ ಇರುವ ಕಡೆಯೇ ಮಾಡಿಸಿ ಅನ್ನುತ್ತೇನೆ.

ತುಂಗೆ ತೀರದವಳು · ಗುರುವಾರ ಬೆಳಿಗ್ಗೆ 6:50

ಎಷ್ಟು ಚೆನ್ನಾಗಿ ಬಿಡಿಸಿ ಬರೆದಿದ್ದೀಯಮ್ಮ, ನಿನಗೆ ಹತ್ತಕ್ಕೆ ಹತ್ತು. ಡಾಕ್ಟರೇ, ನನಗೆ ಸಕ್ಕರೆ ಕಾಯಿಲೆ ಇದೆ. ಮಾಡಿಸಬಹುದಾ?

ಚರ್ಮದ ಡಾಕ್ಟರ್ · ಗುರುವಾರ ಮಧ್ಯಾಹ್ನ 1:50

ಸಕ್ಕರೆ ಹತೋಟಿಯಲ್ಲಿದ್ದರೆ ಮಾಡಿಸಬಹುದು, ಆದರೆ ಮೊದಲೇ ಹೇಳಿ. ಗಾಯ ಮಾಯುವುದು ನಿಧಾನ ಆಗುತ್ತದೆ, ಒಂದು ಸಲಕ್ಕೆ ಕಡಿಮೆ ಕೂದಲು ತೆಗೆಸಿಕೊಳ್ಳಿ. ಹೃದಯಕ್ಕೆ ಪೇಸ್‌ಮೇಕರ್ ಇರುವವರಿಗೆ ಮಾತ್ರ ಇದು ಬೇಡ. ಗಾಯ ಆದ ಕಡೆ ಚರ್ಮ ಗಂಟು ಕಟ್ಟುವ ಅಭ್ಯಾಸ ಇರುವವರೂ ಡಾಕ್ಟರಿಗೆ ತಿಳಿಸಬೇಕು. ಮಾಡಿದ ಮೇಲೆ ಸ್ವಲ್ಪ ಹೊತ್ತು ಕೆಂಪಾಗುತ್ತದೆ, ಕೆಲವು ಕಡೆ ಸಾಸಿವೆಯಷ್ಟು ಹಕ್ಕಳೆ ಕಟ್ಟುತ್ತದೆ. ಅದನ್ನು ಉಗುರಿನಿಂದ ಕೆರೆಯಬೇಡಿ. ನಮ್ಮ ಬಣ್ಣದ ಚರ್ಮಕ್ಕೆ ಗಾಯಕ್ಕಿಂತ ಕೆರೆದ ಕಲೆಯೇ ಜಾಸ್ತಿ ದಿನ ಉಳಿಯುವುದು.

ಹುಬ್ಬಳ್ಳಿ ಹುಡುಗಿ, ನೀನು ಕೆನ್ನೆಯ ಎಳೆ ಕೂದಲಿಗೆ ಲೇಸರ್ ಅಂತ ಹೋಗಬೇಡ. ಬೇರು ಸಾಯುವಷ್ಟು ಬಿಸಿ ತಾಗದೆ, ಎಳೆ ಕೂದಲೇ ಕೆರಳಿ ಕಪ್ಪಗೆ ದಪ್ಪಗೆ ಬೆಳೆಯುವುದುಂಟು. ಎಲ್ಲರಿಗೂ ಆಗುವುದಿಲ್ಲ. ಆದರೆ ಮುಖ, ಕುತ್ತಿಗೆಯ ಮೇಲೆ, ಅದರಲ್ಲೂ ನಮ್ಮಂಥ ಕಂದು ಚರ್ಮದವರಲ್ಲಿ ಜಾಸ್ತಿ ನೋಡುತ್ತೇವೆ. ಅಂದ ಹಾಗೆ, ಹೆಂಗಸರ ಅತಿ ರೋಮವನ್ನು ಅಳೆಯಲು ನಾವು ಬಳಸುವ ಫೆರಿಮನ್-ಗಾಲ್ವೇ ಅನ್ನುವ ಲೆಕ್ಕ 1961ರಿಂದ ಇದೆ. ಅದರಲ್ಲಿ ದಪ್ಪ ಕಪ್ಪು ಕೂದಲಿಗೆ ಮಾತ್ರ ಅಂಕ. ನಿನ್ನ ಎಳೆ ಕೂದಲಿಗೆ ಸೊನ್ನೆ.

ಗೆಜ್ಜೆಪೂಜೆ ಬೀದಿ · ಗುರುವಾರ ರಾತ್ರಿ 10:05

ಡಾಕ್ಟರ್ ಹೇಳಿದ್ದು ನನಗೆ ಆಗಿದೆ. ದವಡೆ ಅಂಚಿನಲ್ಲಿ ಹತ್ತಿಯಂಥ ಕೂದಲು ಇತ್ತು. ಮದುವೆಗೆ ಮೊದಲು ಒಂದು ಕಡೆ ಲೇಸರ್ ಮಾಡಿಸಿದೆ. ನಾಲ್ಕನೇ ಸಲ ಆದ ಮೇಲೆ, ಲೇಸರ್ ಹೊಡೆದ ಜಾಗದ ಪಕ್ಕದಲ್ಲೇ, ಕುತ್ತಿಗೆಗೆ ಇಳಿಯುವ ಕಡೆ ಕಪ್ಪು ಕೂದಲು ಸಾಲಾಗಿ ಬಂತು. ಮೊದಲು ನನ್ನ ಕಣ್ಣಿಗೆ ಮಾತ್ರ ಕಾಣುತ್ತಿದ್ದದ್ದು ಈಗ ಎದುರು ಕೂತವರಿಗೂ ಕಾಣುತ್ತದೆ. ಈಗ ಬೇರೆ ಡಾಕ್ಟರ್ ಹತ್ತಿರ ನಮ್ಮ ಬಣ್ಣಕ್ಕೆ ಹೊಂದುವ 1064 ನ್ಯಾನೋಮೀಟರ್ ಅಲೆಯುದ್ದದ ಲೇಸರ್‌ನಲ್ಲಿ ಆ ಕಪ್ಪನ್ನು ತೆಗೆಸುತ್ತಿದ್ದೇನೆ. ಇಲ್ಲದ್ದನ್ನು ತರಿಸಿಕೊಂಡು, ಆಮೇಲೆ ತೆಗೆಸುವುದು. ಎರಡಕ್ಕೂ ದುಡ್ಡು ನಂದೇ.

ಹುಬ್ಬಳ್ಳಿ ಹುಡುಗಿ 19 · ಗುರುವಾರ ರಾತ್ರಿ 10:20

ಅಯ್ಯೋ ಅಕ್ಕಾ. ನಾನು ರೇಜರ್‌ಗೇ ಇರುತ್ತೇನೆ. ಕ್ರೀಮ್ ಏನಾದರೂ ಇದೆಯಾ?

ಚರ್ಮದ ಡಾಕ್ಟರ್ · ಶುಕ್ರವಾರ ಮಧ್ಯಾಹ್ನ 2:30

ಎಫ್ಲಾರ್ನಿಥಿನ್ ಅಂತ 13.9% ಕ್ರೀಮ್ ಇದೆ. ಆಫ್ರಿಕಾದ ನಿದ್ರಾರೋಗಕ್ಕೆ ಕೊಡುತ್ತಿದ್ದ ಔಷಧಿ, 2000ದಲ್ಲಿ ಅಮೆರಿಕದಲ್ಲಿ ಹೆಂಗಸರ ಮುಖದ ಕೂದಲಿಗೆ ಒಪ್ಪಿಗೆ ಸಿಕ್ಕಿತು. ಇದು ಕೂದಲು ಉದುರಿಸುವುದಿಲ್ಲ, ಬೆಳೆಯುವ ವೇಗ ಇಳಿಸುತ್ತದೆ. ದಿನಕ್ಕೆ ಎರಡು ಸಲ ಹಚ್ಚಬೇಕು, ಫಲ ಕಾಣಲು ಒಂದೆರಡು ತಿಂಗಳು ಬೇಕು, ಬಿಟ್ಟರೆ ಮತ್ತೆ ಮೊದಲಿನಂತೆ. ಬಣ್ಣ ನೋಡಿ ಕೆಲಸ ಮಾಡುವ ಔಷಧಿಯಲ್ಲ ಅನ್ನುವುದು ಇದರ ಗುಣ. ಆದರೆ ನಿನ್ನಷ್ಟು ಎಳೆ ಕೂದಲಿಗೆ ನಾನು ಬರೆದುಕೊಡುವುದಿಲ್ಲ.

ಮೆಡಿಕಲ್ ಶಾಪಿನಿಂದ ಸ್ನೇಹಿತೆಯರು ತಂದು ಹಚ್ಚುವ "ಬೆಳ್ಳಗಾಗುವ" ಕ್ರೀಮುಗಳ ಬಗ್ಗೆ ಹುಷಾರು. ಹಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪಾಗುತ್ತದೆ, ಮುಖದ ತುಂಬ ಕೂದಲೂ ಬರುತ್ತದೆ. ಅಕ್ಕತಂಗಿಯರು ಒಂದೇ ಟ್ಯೂಬ್ ಹಂಚಿಕೊಂಡು ಒಂದೇ ಥರ ಮೀಸೆ ಹೊತ್ತು ಬಂದದ್ದೂ ಇದೆ.

ಪುಟ್ಟಿಯ ಅಪ್ಪ · ಶುಕ್ರವಾರ ರಾತ್ರಿ 9:10

ನಾನು ತಲೆ ಕೂದಲಿಗೆ ಹಚ್ಚುವ ಮಿನಾಕ್ಸಿಡಿಲ್ ನನ್ನ ಹೆಂಡತಿಯೂ ಹಚ್ಚುತ್ತಿದ್ದಳು. ಹಣೆ ಮೇಲೆ, ಕಿವಿ ಪಕ್ಕ ಕೂದಲು ಬಂತು. ಇದೂ ಅದೇನಾ?

ನೈಟ್‌ಶಿಫ್ಟ್ ನರ್ಸ್ · ಶುಕ್ರವಾರ ರಾತ್ರಿ 11:45

ಹೌದು, ಆ ಕೂದಲು ಮಿನಾಕ್ಸಿಡಿಲ್‌ನಿಂದಲೇ ಬಂದದ್ದು. ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಹೋಗುತ್ತದೆ. ಗಂಡಸರ ಬಾಟಲಿ ಹೆಂಗಸರು ಹಂಚಿಕೊಳ್ಳುವುದನ್ನು ಮೊದಲು ನಿಲ್ಲಿಸಿ.

ಪಾರ್ಲರ್ ಅಕ್ಕ ಹಾಸನ · ಶನಿವಾರ ಮಧ್ಯಾಹ್ನ 3:00

ಟೀಚರ್‌ಗೆ ನನ್ನ ಕಡೆಯಿಂದ ಒಂದು ಮಾತು. ಹನ್ನೊಂದೇ ಕೂದಲು ಅಂದರೆ ಒಳ್ಳೆಯ ಪ್ಲಕ್ಕರ್ ಸಾಕು. ತುದಿ ಓರೆಯಾಗಿರುವುದು ತಗೊಳ್ಳಿ. "ಒಂದು ಕಿತ್ತರೆ ನಾಲ್ಕು ಹುಟ್ಟುತ್ತದೆ" ಅನ್ನುವುದು ಸುಳ್ಳು. ಹಾಗಿದ್ದರೆ ಇಷ್ಟು ವರ್ಷ ಥ್ರೆಡ್ಡಿಂಗ್ ಮಾಡಿದ ನನ್ನ ಗಿರಾಕಿಗಳ ಹುಬ್ಬು ಹಣೆ ತುಂಬಿರುತ್ತಿತ್ತು. ಕೂದಲು ಯಾವ ಕಡೆ ಬೆಳೆದಿದೆಯೋ ಆ ಕಡೆಗೇ ಎಳೆಯಿರಿ, ಇಲ್ಲದಿದ್ದರೆ ಅರ್ಧಕ್ಕೆ ತುಂಡಾಗಿ ಒಳಗೇ ಸುರುಳಿ ಸುತ್ತಿ ಗುಳ್ಳೆ ಆಗುತ್ತದೆ. ಮಚ್ಚೆ ಮೇಲಿನ ಕೂದಲನ್ನು ಮಾತ್ರ ಕೀಳಬೇಡಿ, ಕತ್ತರಿಯಲ್ಲಿ ಕತ್ತರಿಸಿ.

ಮೇಲ್ದುಟಿಗೆ ಥ್ರೆಡ್ಡಿಂಗ್ ಮಾಡಿಸುವವರಿಗೆ ಒಂದು ಉಪಾಯ: ನಾಲಿಗೆಯನ್ನು ಒಳಗಿನಿಂದ ತುಟಿ ಮೇಲಿನ ಭಾಗಕ್ಕೆ ಒತ್ತಿ ಹಿಡಿಯಿರಿ. ಚರ್ಮ ಬಿಗಿಯಾದರೆ ದಾರ ಚರ್ಮ ಕಚ್ಚುವುದಿಲ್ಲ. ಆದರೂ ಕಣ್ಣಲ್ಲಿ ನೀರು ಬರುತ್ತದೆ. ಅದಕ್ಕೆ ಔಷಧಿ ಇಲ್ಲ. ಮೊಡವೆಗೆ ಅಂತ ರೆಟಿನಾಲ್ ಥರದ ಕ್ರೀಮ್, ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ವ್ಯಾಕ್ಸ್ ಜೊತೆ ಚರ್ಮವೂ ಕಿತ್ತು ಬಂದಿದ್ದನ್ನು ನೋಡಿದ್ದೇನೆ.

ಮಂಡ್ಯದ ಕೂಸು · ಶನಿವಾರ ಸಂಜೆ 5:20

ಏನೂ ಮಾಡದೆ ಬಿಡುವುದೂ ಒಂದು ದಾರಿ ಅಂತ ಇಷ್ಟು ಜನರಲ್ಲಿ ಯಾರೂ ಹೇಳಲಿಲ್ಲ! ನಮ್ಮ ಅಮ್ಮ ಹಾಗೇ ಬಿಟ್ಟಿದ್ದಾರೆ. ಯೋಚನೆ ಮಾಡುವಾಗ ಗದ್ದದ ಆ ಉದ್ದ ಕೂದಲನ್ನು ಬೆರಳಲ್ಲಿ ಸುತ್ತುತ್ತಾರೆ. ತೆಗೆಸಿದರೆ ಯೋಚನೆ ಮಾಡುವುದು ಹೇಗೆ ಅನ್ನುತ್ತಾರೆ.

ತುಂಗೆ ತೀರದವಳು · ಐದು ತಿಂಗಳ ನಂತರ

ಕೇಳಿದವರಿಗೆಲ್ಲ ಉತ್ತರ ಕೊಡಬೇಕು ಅಂತ ಬಂದೆ.

ಲೇಸರ್ ಕ್ಲಿನಿಕ್‌ಗೆ ಮಗಳನ್ನು ಕರೆದುಕೊಂಡು ಹೋದೆ. ಬಿಳಿ ಕೂದಲಿಗೆ ಇದು ಆಗುವುದಿಲ್ಲ ಅಂತ ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆವು. ದುಡ್ಡು ವಾಪಸ್ ಕೊಡಲಿಲ್ಲ. ಉಳಿದ ಮೂರು ಸಲದ ಬದಲಿಗೆ ಎರಡು ಫೇಶಿಯಲ್ ಮಾಡುತ್ತೇವೆ ಅಂದರು. ಅದನ್ನು ಸೊಸೆಗೆ ಬಿಟ್ಟೆ.

ಆಮೇಲೆ ಚರ್ಮದ ಡಾಕ್ಟರ್ ಒಬ್ಬರ ಹತ್ತಿರ ಎಲೆಕ್ಟ್ರಾಲಿಸಿಸ್ ಶುರು ಮಾಡಿದೆ. ಮೂರು ವಾರಕ್ಕೊಮ್ಮೆ, ಕಾಲು ಗಂಟೆ. ಇದುವರೆಗೆ ಆರು ಸಲ. ಚುರ್ ಅನ್ನುವುದು ನಿಜ, ಆದರೆ ಪಾಸ್ ಆಗುವ ನೋವು. ಹನ್ನೊಂದರಲ್ಲಿ ಏಳು ಹೋಗಿವೆ. ಹೊಸದಾಗಿ ಎರಡು ಎದ್ದಿವೆ, ಎಡಿಸನ್ ಹುಡುಗಿ ಹೇಳಿದ ಪಕ್ಕದ ಮನೆಯವು. ಕೆನ್ನೆಯ ಎಳೆ ಕೂದಲಿಗೆ ಏನೂ ಮಾಡಲಿಲ್ಲ. ಅದು ನನ್ನ ಜೊತೆ ಇರಲಿ.

ಮೊನ್ನೆ ಕಿಟಕಿ ಹತ್ತಿರ ಕನ್ನಡಿ ಹಿಡಿದು ಎಣಿಸುತ್ತಿದ್ದೆ. ನಮ್ಮ ಅತ್ತೆಗೆ 83. ಹೂ ಕಟ್ಟುತ್ತಾ ಕೂತಿದ್ದವರು "ಏನು ಹುಡುಕುತ್ತೀಯೆ?" ಅಂದರು. ಹೇಳಿದೆ. "ಅದಾ? ನಾನು ಹತ್ತು ವರ್ಷದಿಂದ ನೋಡುತ್ತಿದ್ದೇನೆ, ನಿನಗೇ ಗೊತ್ತಿದೆ ಅಂದುಕೊಂಡಿದ್ದೆ" ಅಂದರು. ಆಮೇಲೆ ಹೂವಿನ ಬುಟ್ಟಿ ಪಕ್ಕಕ್ಕಿಟ್ಟು ತಮ್ಮ ಗದ್ದ ಎತ್ತಿ ಹಿಡಿದು, "ನಿನ್ನ ಕಣ್ಣು ಈಗ ಸರಿ ಇದೆಯಲ್ಲ, ಆ ಪ್ಲಕ್ಕರ್ ತಾ" ಅಂದರು. ಇಪ್ಪತ್ಮೂರು ಸಿಕ್ಕವು.